ತಾಂಬರಂ ಮಾವನ ಎರಡು ಪ್ರಶ್ನೆಗಳು



ಚೆನ್ನೈನಲ್ಲಿರುವ ನಮ್ಮ ಕೇಳುಗರಲ್ಲಿ ಬಹಳ ಮಂದಿ ಬೀಚ್–ತಾಂಬರಂ ರೈಲಿನಲ್ಲಿ ಓಡಾಡುವವರು. ಇಯರ್‌ಫೋನ್ ಕಿವಿಗಿಟ್ಟುಕೊಂಡು ನಮ್ಮ ಕಾರ್ಯಕ್ರಮ ಕೇಳುತ್ತಾ ಹೋಗುವವರೂ ಇದ್ದೀರಿ, ನಿಮ್ಮ ಪತ್ರಗಳಿಂದ ನನಗದು ಗೊತ್ತು. ಈ ಸಾಲಿನಲ್ಲಿ ವಿದ್ಯುತ್ ರೈಲು ಓಡಲು ಶುರುವಾದದ್ದು 1931ರಲ್ಲಿ. ಆಗಿನಿಂದ ಈಗಿನವರೆಗೂ ಈ ರೈಲು ಆಫೀಸಿಗೆ ಹೋಗುವವರನ್ನು ಎಷ್ಟು ಹೊತ್ತಿದೆಯೋ ಆಸ್ಪತ್ರೆಗೆ ಹೋಗುವವರನ್ನೂ ಅಷ್ಟೇ ಹೊತ್ತಿದೆ. ಈ ಸಲದ ಚರಿತ್ರೆಯ ಪುಟದಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಒಂದು ಕಾಯಿಲೆ, ಅದರ ಔಷಧಿ, ಅದರ ಬೆಲೆ, ಇಷ್ಟೇ ಇದೆ. ಇದರ ಮುಖ್ಯ ಘಟ್ಟಗಳಲ್ಲಿ ಕೆಲವು ಇದೇ ರೈಲು ಸಾಲಿನ ಆಸುಪಾಸಿನಲ್ಲಿ ನಡೆದವು.

ನನ್ನ ಸೋದರಮಾವ ಪೂರ್ವ ತಾಂಬರಂನಲ್ಲಿದ್ದರು. ಕೋಲಾರದ ಕಡೆಯವರು. ಕ್ರೋಂಪೇಟೆಯ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆಂದು ಬಂದು ಅಲ್ಲೇ ನಿಂತುಬಿಟ್ಟವರು. 2019ರ ಬೇಸಿಗೆಯಲ್ಲಿ ಅವರಿಗೆ ಬಲತೊಡೆ ನೋಯತೊಡಗಿತು. ಮೊದಲು ತೋರಿಸಿದ ಕಡೆ ವಾಯು ಎಂದರು, ಆಮೇಲೆ ವಯಸ್ಸಾಯಿತು ಎಂದರು. ನೋವಿನ ಮಾತ್ರೆ ನುಂಗುತ್ತಾ ಮೂರು ತಿಂಗಳು ಹೋಯಿತು. ರಾತ್ರಿ ಮಲಗಿದಾಗ ನೋವು ಜಾಸ್ತಿ ಎಂದು ಅವರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ನಾನೂ ಸೇರಿದಂತೆ. ಒಂದು ದಿನ ಬಸ್ಸಿನಿಂದ ಇಳಿಯುವಾಗ ಬಿದ್ದದ್ದೂ ಇಲ್ಲ, ಎಡವಿದ್ದೂ ಇಲ್ಲ, ತೊಡೆಯ ಮೂಳೆ ಮುರಿಯಿತು. ಎಕ್ಸ್‌ರೇ ತೆಗೆದಾಗ ಮೂಳೆ ಗೆದ್ದಲು ತಿಂದ ತೊಲೆಯಂತಿತ್ತು. ಹೊಟ್ಟೆಯ ಸ್ಕ್ಯಾನ್ ಮಾಡಿದಾಗ ಎಡ ಕಿಡ್ನಿಯಲ್ಲಿ ಗಡ್ಡೆ ಕಂಡಿತು. ಮೂತ್ರಪಿಂಡದ ಕ್ಯಾನ್ಸರ್, ಮೂಳೆಗೆ ಹರಡಿದೆ ಎಂದರು.

ಮಾವ ಅಳಲಿಲ್ಲ. ಲೆಕ್ಕದ ಮನುಷ್ಯ. ನನ್ನನ್ನು ಹತ್ತಿರ ಕೂರಿಸಿಕೊಂಡು ಎರಡೇ ಮಾತು ಕೇಳಿದರು. “ನೋಡಪ್ಪಾ, ಇದಕ್ಕೆ ಔಷಧಿ ಅಂತ ಇದೆಯಾ? ಇದ್ದರೆ ಅದು ನಮ್ಮಂಥವರಿಗೆ ಸಿಗುತ್ತಾ?”

ಮೈಕ್ ಮುಂದೆ ದಿನವೂ ಮಾತಾಡುವ ನನಗೆ ಅವತ್ತು ಮಾತು ಹೊರಡಲಿಲ್ಲ. ಆಮೇಲೆ ಓದಿದೆ, ವೈದ್ಯರನ್ನು ಕೇಳಿದೆ. ಈ ಎರಡು ಪ್ರಶ್ನೆಗಳಿಗೂ ಒಂದೊಂದು ಚರಿತ್ರೆ ಇದೆ ಎಂದು ತಿಳಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗಾಳಿಯೇ ಮದ್ದಾಗಿದ್ದ ಕಾಲ

ತಾಂಬರಂ ಪಕ್ಕದ ನಿಲ್ದಾಣದ ಹೆಸರು ತಾಂಬರಂ ಸ್ಯಾನಟೋರಿಯಂ. ಡಾ. ಚೌರಿ ಮುತ್ತು ಎಂಬುವರು 1928ರಲ್ಲಿ ಇಲ್ಲಿ ಕ್ಷಯರೋಗಿಗಳಿಗೆಂದು ಸ್ಯಾನಟೋರಿಯಂ ಕಟ್ಟಿದರು. ಇಂಗ್ಲೆಂಡಿನ ಮೆಂಡಿಪ್ ಬೆಟ್ಟಗಳಲ್ಲಿ ಇಂಥದೇ ಒಂದನ್ನು ಬಹಳ ವರ್ಷ ನಡೆಸಿದ್ದವರು ಅವರು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರು ಇಂಗ್ಲೆಂಡಿನಲ್ಲಿ ಕಾಯಿಲೆ ಬಿದ್ದಾಗ ಕೆಲಕಾಲ ಇದ್ದದ್ದು ಇವರ ಆರೈಕೆಯಲ್ಲೇ. ತಾಂಬರಂನ ಸ್ಯಾನಟೋರಿಯಂ 1937ರಲ್ಲಿ ಸರ್ಕಾರದ ಕೈಗೆ ಬಂತು. ಈಗಲೂ ಅದು ಎದೆರೋಗಗಳ ಸರ್ಕಾರಿ ಆಸ್ಪತ್ರೆ. ಮೈಸೂರಿನ ಕೇಳುಗರಿಗೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಹೆಸರಿನ ಪಿ.ಕೆ.ಟಿ.ಬಿ. ಆಸ್ಪತ್ರೆ ನೆನಪಾದರೆ ಸರಿಯೇ, ಅದೂ ಇದೂ ಒಂದೇ ಕಾಲದ ಒಂದೇ ನಂಬಿಕೆಯ ಕೂಸುಗಳು. ಔಷಧಿ ಇಲ್ಲದ ಕಾಲದಲ್ಲಿ ಒಳ್ಳೆಯ ಗಾಳಿ, ಒಳ್ಳೆಯ ಊಟ ಮತ್ತು ವಿಶ್ರಾಂತಿಯೇ ಚಿಕಿತ್ಸೆ.

ಕ್ಯಾನ್ಸರ್ ಕಥೆಯಲ್ಲಿ ಕ್ಷಯದ ಮಾತೇಕೆ ಎನ್ನಬಹುದು. ಎರಡು ಕಾರಣ. ಒಂದು, ಕ್ಷಯವೂ ಮೂಳೆಗೆ ಬರುತ್ತದೆ, ಅದರಲ್ಲೂ ಬೆನ್ನುಮೂಳೆಗೆ. ನಮ್ಮ ದೇಶದಲ್ಲಿ ಬೆನ್ನುಮೂಳೆ ಸವೆದು ಕುಸಿದಿದ್ದರೆ ವೈದ್ಯರು ಮೊದಲು ನೆನೆಯುವ ಕಾಯಿಲೆಗಳಲ್ಲಿ ಅದೂ ಒಂದು. ಎಕ್ಸ್‌ರೇಯಲ್ಲಿ ಎರಡೂ ಕೆಲವೊಮ್ಮೆ ಒಂದೇ ಥರ ಕಾಣುತ್ತವೆ. ಹಾಗಾಗಿ ಮೂಳೆಯಿಂದ ಚೂರು ತೆಗೆದು ಪರೀಕ್ಷಿಸದೆ ಇದೇ ಎಂದು ಹೇಳಲಾಗದು.

ಎರಡನೆಯ ಕಾರಣ ಇನ್ನೂ ದೊಡ್ಡದು. ಸ್ಟ್ರೆಪ್ಟೋಮೈಸಿನ್ 1943ರಲ್ಲಿ ಸಿಕ್ಕ ಮೇಲೆ ಕ್ಷಯಕ್ಕೆ ಔಷಧಿ ಬಂತು. ಆದರೆ ಎಲ್ಲರಿಗೂ ಸ್ಯಾನಟೋರಿಯಂನಲ್ಲಿ ಹಾಸಿಗೆ ಎಲ್ಲಿಂದ ತರುವುದು? ಇದೇ ರೈಲು ಸಾಲಿನ ಚೇತ್‌ಪೇಟ್‌ನಲ್ಲಿ 1956ರಲ್ಲಿ ಒಂದು ಸಂಶೋಧನಾ ಕೇಂದ್ರ ಶುರುವಾಯಿತು. ಬಡ ರೋಗಿಗಳಲ್ಲಿ ಅರ್ಧ ಮಂದಿಗೆ ಸ್ಯಾನಟೋರಿಯಂನಲ್ಲಿಟ್ಟು, ಅರ್ಧ ಮಂದಿಗೆ ಅವರ ಮನೆಯಲ್ಲೇ ಇದ್ದಂತೆ ಅದೇ ಔಷಧಿ ಕೊಟ್ಟರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು ಎಂದು 1959ರಲ್ಲಿ ಪ್ರಕಟವಾಯಿತು. ‘ಮದರಾಸು ಅಧ್ಯಯನ’ ಎಂದೇ ಜಗತ್ತು ಇದನ್ನು ಕರೆಯುತ್ತದೆ. ಔಷಧಿ ಕಂಡುಹಿಡಿಯುವುದು ಒಂದು ಕೆಲಸ, ಅದನ್ನು ಗುಡಿಸಲಿನವರೆಗೆ ತಲುಪಿಸುವುದು ಇನ್ನೊಂದು ಕೆಲಸ ಎಂದು ಈ ಊರು ತೋರಿಸಿಕೊಟ್ಟಿತು. ಮಾವನ ಎರಡು ಪ್ರಶ್ನೆಗಳೂ ಇದೇ ತಾನೆ?

ಬೀಜ ಮತ್ತು ಮಣ್ಣು

ಈಗ ಕಿಡ್ನಿಗೆ ಬರೋಣ. ಮನುಷ್ಯನಿಗೆ ಎರಡು ಕಿಡ್ನಿ, ಒಂದನ್ನು ತೆಗೆದರೂ ಬದುಕಬಹುದು ಎಂಬುದು ನಮಗೆ ಇವತ್ತು ಸಾಮಾನ್ಯ ಜ್ಞಾನ. ಇದನ್ನು ಮೊದಲು ಖಚಿತವಾಗಿ ತೋರಿಸಿದವರು ಜರ್ಮನಿಯ ಹೈಡೆಲ್‌ಬರ್ಗ್‌ನ ಗುಸ್ಟಾವ್ ಸೈಮನ್. ನಾಯಿಗಳ ಮೇಲೆ ಪ್ರಯೋಗ ಮಾಡಿ ನೋಡಿ, 1869ರಲ್ಲಿ ಒಬ್ಬ ಹೆಂಗಸಿನ ಒಂದು ಕಿಡ್ನಿ ತೆಗೆದರು. ಆಕೆಗಿದ್ದದ್ದು ಕ್ಯಾನ್ಸರ್ ಅಲ್ಲ, ಮೂತ್ರನಾಳದ ತೊಂದರೆ. ಆಕೆ ಬದುಕಿದಳು. ಅಲ್ಲಿಂದ ಕಿಡ್ನಿಯ ಗಡ್ಡೆ ತೆಗೆಯುವ ದಾರಿ ತೆರೆಯಿತು.

ಗಡ್ಡೆ ಎಲ್ಲಿಂದ ಹುಟ್ಟುತ್ತದೆಂಬುದರ ಬಗ್ಗೆ ಮಾತ್ರ ಬಹಳ ಕಾಲ ಗೊಂದಲವಿತ್ತು. 1883ರಲ್ಲಿ ಪಾಲ್ ಗ್ರಾವಿಟ್ಸ್ ಎಂಬ ಜರ್ಮನ್ ವಿದ್ವಾಂಸರು ಇದು ಕಿಡ್ನಿಯದ್ದಲ್ಲ, ಅದರ ನೆತ್ತಿಯ ಮೇಲಿರುವ ಅಡ್ರೀನಲ್ ಗ್ರಂಥಿಯ ಚೂರು ಕಿಡ್ನಿಯೊಳಗೆ ಸಿಕ್ಕಿಕೊಂಡು ಬೆಳೆದದ್ದು ಎಂದರು. ಅದು ತಪ್ಪು ಎಂದು ಆಮೇಲೆ ಗೊತ್ತಾಯಿತು. ಆದರೂ ಅವರ ಮಾತಿನಿಂದ ಹುಟ್ಟಿದ ‘ಹೈಪರ್‌ನೆಫ್ರೋಮ’ ಎಂಬ ಹೆಸರು ಬಹಳ ಕಾಲ ಚಲಾವಣೆಯಲ್ಲಿತ್ತು.

ಕಿಡ್ನಿಯ ಗಡ್ಡೆ ತೊಡೆಯ ಮೂಳೆಗೆ ಹೇಗೆ ಹೋಯಿತು ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಕೇಳಿದ ಪ್ರಶ್ನೆ. 1889ರಲ್ಲಿ ಲಂಡನ್ನಿನ ವೈದ್ಯ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರ್ ಬಗ್ಗೆ ಬರೆಯುತ್ತಾ ಬೀಜ ಮತ್ತು ಮಣ್ಣಿನ ಹೋಲಿಕೆ ಕೊಟ್ಟರು. ಬೀಜ ಗಾಳಿಯಲ್ಲಿ ಎಲ್ಲ ಕಡೆಗೂ ಹಾರುತ್ತದೆ, ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ. ಕ್ಯಾನ್ಸರ್ ಕಣಗಳು ರಕ್ತದಲ್ಲಿ ತೇಲಿ ಎಲ್ಲೆಡೆ ಹೋಗಬಹುದು, ಆದರೆ ಕೆಲವು ಅಂಗಗಳಲ್ಲೇ ಬೇರೂರುತ್ತವೆ. ಹೊಲ ಕಂಡವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಕಿಡ್ನಿ ಕ್ಯಾನ್ಸರಿನ ಬೀಜಕ್ಕೆ ಒಗ್ಗುವ ಮಣ್ಣು ಶ್ವಾಸಕೋಶ ಮತ್ತು ಮೂಳೆ. ಹರಡಿದವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗೆ ಮೂಳೆಯಲ್ಲಿರುತ್ತದೆ. 1940ರಲ್ಲಿ ಅಮೆರಿಕದ ಆಸ್ಕರ್ ಬ್ಯಾಟ್ಸನ್ ಬೆನ್ನುಮೂಳೆಯ ಸುತ್ತಲಿನ ರಕ್ತನಾಳಗಳ ಜಾಲವನ್ನು ವಿವರಿಸಿ, ಹೊಟ್ಟೆಯ ಕೆಳಭಾಗದ ಕ್ಯಾನ್ಸರುಗಳು ಬೆನ್ನುಮೂಳೆಗೆ ಹೋಗುವ ಒಳದಾರಿಯನ್ನು ತೋರಿಸಿದರು.

ಬೇರೆ ಕೆಲವು ಕ್ಯಾನ್ಸರುಗಳು ಮೂಳೆಯನ್ನು ಗಟ್ಟಿ ಮಾಡಿದರೆ ಕಿಡ್ನಿಯದ್ದು ಮೂಳೆಯನ್ನು ತಿನ್ನುತ್ತದೆ. ಕ್ಯಾನ್ಸರ್ ಕಣ ತಾನೇ ತಿನ್ನುವುದಿಲ್ಲ. ಹಳೆಯ ಮೂಳೆಯನ್ನು ಕರಗಿಸಲೆಂದು ನಮ್ಮ ದೇಹದಲ್ಲೇ ಇರುವ ಕಣಗಳನ್ನು ಅದು ಕೆರಳಿಸಿ ಕೆಲಸ ಮಾಡಿಸುತ್ತದೆ. ಜತೆಗೆ ಈ ಗಡ್ಡೆಗಳಲ್ಲಿ ರಕ್ತನಾಳಗಳು ಬಹಳ. ಮುರಿದ ಮೂಳೆಗೆ ಶಸ್ತ್ರಚಿಕಿತ್ಸೆ ಮಾಡುವ ಮುಂಚೆ ಆ ರಕ್ತನಾಳಗಳನ್ನು ಒಳಗಿನಿಂದಲೇ ಮುಚ್ಚುವ ಕ್ರಮ ಇರುವುದು ಇದಕ್ಕೇ. ಇಲ್ಲದಿದ್ದರೆ ಚಾಕು ಇಟ್ಟ ಕಡೆ ರಕ್ತ ಕಟ್ಟುವುದೇ ಇಲ್ಲ.

ಪಾರ್ಕ್ ಸ್ಟೇಷನ್ನಿನಿಂದ ಅಡ್ಯಾರಿಗೆ

ರಾಂಟ್‌ಗೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಒಳಗಿನ ಮೂಳೆಯನ್ನು ತೋರಿಸುವ ಕಿರಣವೇ ಗಡ್ಡೆಯನ್ನೂ ಸುಡಬಲ್ಲದು ಎಂದು ಕೆಲವೇ ವರ್ಷಗಳಲ್ಲಿ ತಿಳಿಯಿತು. ಮದರಾಸಿನಲ್ಲಿ ಪಾರ್ಕ್ ಸ್ಟೇಷನ್ನಿನ ಎದುರಿನ ಜನರಲ್ ಆಸ್ಪತ್ರೆಯ ಆವರಣದಲ್ಲಿ 1934ರಲ್ಲಿ ಎಕ್ಸ್‌ರೇ ಸಂಸ್ಥೆಯೊಂದು ತೆರೆಯಿತು. ಅದನ್ನು ಕಟ್ಟಿ ಬೆಳೆಸಿದ ಕ್ಯಾಪ್ಟನ್ ಬರ್ನಾರ್ಡ್ ಅವರ ಹೆಸರಿನಲ್ಲೇ ಈಗಲೂ ಬರ್ನಾರ್ಡ್ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಾರೆ.

ಕ್ಯಾನ್ಸರಿಗೇ ಬೇರೆ ಆಸ್ಪತ್ರೆ ಬೇಕು ಎಂದು ಹಟ ಹಿಡಿದವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. ಅವರ ತಂಗಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಹೇಗೂ ಸಾಯುವವರಿಗೆ ಆಸ್ಪತ್ರೆ ಯಾಕೆ ಎಂಬ ಮಾತು ಆಗ ಅಧಿಕಾರದಲ್ಲಿದ್ದವರ ಬಾಯಲ್ಲೇ ಬಂದಿತ್ತು ಎಂದು ಡಾ. ವಿ. ಶಾಂತಾ ನೆನೆಯುತ್ತಿದ್ದರು. 1952ರಲ್ಲಿ ಪ್ರಧಾನಿ ನೆಹರೂ ಅವರಿಂದ ಅಡಿಗಲ್ಲು, 1954ರಲ್ಲಿ ಅಡ್ಯಾರಿನಲ್ಲಿ 12 ಹಾಸಿಗೆಯ ಆಸ್ಪತ್ರೆ. ಮುತ್ತುಲಕ್ಷ್ಮಿ ಅವರ ಮಗ ಡಾ. ಎಸ್. ಕೃಷ್ಣಮೂರ್ತಿ ಮತ್ತು 1955ರಲ್ಲಿ ಬಂದು ಸೇರಿದ ಡಾ. ಶಾಂತಾ ಅದನ್ನು ಬೆಳೆಸಿದರು. 1957ರಲ್ಲಿ ಅಲ್ಲಿಗೆ ಕೆನಡಾದಿಂದ ಕೋಬಾಲ್ಟ್ ಯಂತ್ರ ಬಂತು. ಶಾಂತಾ ಅವರು 2005ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದು, 2021ರಲ್ಲಿ ತೀರಿಕೊಳ್ಳುವವರೆಗೂ ಆ ಆವರಣದಲ್ಲೇ ಬದುಕಿದರು. ಕರ್ನಾಟಕದಲ್ಲಿ ಇದೇ ಕೆಲಸಕ್ಕೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಶುರುವಾಯಿತು.

ಕಿಡ್ನಿ ಕ್ಯಾನ್ಸರ್ ವಿಕಿರಣಕ್ಕೆ ಬಗ್ಗುವುದಿಲ್ಲ ಎಂಬ ಮಾತು ವೈದ್ಯರಲ್ಲಿ ಹಳೆಯದು. ಗಡ್ಡೆಯನ್ನು ಪೂರ್ತಿ ಇಲ್ಲವಾಗಿಸುವ ಮಟ್ಟಿಗೆ ಆ ಮಾತಿನಲ್ಲಿ ಹುರುಳಿತ್ತು. ಆದರೆ ಮೂಳೆಯ ನೋವನ್ನು ಇಳಿಸುವುದರಲ್ಲಿ ವಿಕಿರಣದ ಕೆಲಸ ದೊಡ್ಡದು. ಮೂಳೆಗೆ ಹರಡಿದ ಕ್ಯಾನ್ಸರುಗಳಲ್ಲಿ ಹತ್ತರಲ್ಲಿ ಆರು ಮಂದಿಯ ಆಸುಪಾಸು ನೋವು ಕಡಿಮೆಯಾಗುತ್ತದೆ. ಬಹಳ ರೋಗಿಗಳಿಗೆ ಒಂದೇ ದಿನ ಕೊಡುವ 8 ಗ್ರೇ ಪ್ರಮಾಣವೇ ಹತ್ತು ದಿನ ಕೊಟ್ಟಷ್ಟು ನೋವು ತಗ್ಗಿಸುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ತಾಂಬರಂನಿಂದ ದಿನವೂ ಆಟೋ ಹಿಡಿದು ಬರಬೇಕಾದವರಿಗೆ ಒಂದು ದಿನ ಮತ್ತು ಹತ್ತು ದಿನದ ವ್ಯತ್ಯಾಸ ಏನೆಂದು ಬೇರೆ ಹೇಳಬೇಕಾಗಿಲ್ಲ.

ಔಷಧಿ ಇದೆಯಾ?

ಮಾವನ ಮೊದಲ ಪ್ರಶ್ನೆಗೆ 2005ರವರೆಗೂ ಉತ್ತರ, ಬಹುಪಾಲು ಇಲ್ಲ ಎಂದೇ. ಗಡ್ಡೆ ಕಿಡ್ನಿಯೊಳಗೇ ಇದ್ದರೆ ಶಸ್ತ್ರಚಿಕಿತ್ಸೆ ಇತ್ತು. ಕೆನಡಾದ ಚಾರ್ಲ್ಸ್ ರಾಬ್ಸನ್ 1960ರ ದಶಕದಲ್ಲಿ ಕಿಡ್ನಿಯನ್ನು ಅದರ ಸುತ್ತಲಿನ ಕೊಬ್ಬು, ಪೊರೆ ಸಮೇತ ತೆಗೆಯುವ ಪದ್ಧತಿಯನ್ನು ನೆಲೆಗೊಳಿಸಿದರು. ಆದರೆ ಹರಡಿಬಿಟ್ಟಿದ್ದರೆ? ಬೇರೆ ಕ್ಯಾನ್ಸರುಗಳಿಗೆ ಕೊಡುವ ಕೀಮೋಥೆರಪಿ ಇದರ ಮೇಲೆ ಹೆಚ್ಚು ಕೆಲಸ ಮಾಡಲಿಲ್ಲ.

ಆದರೂ ಒಂದು ವಿಚಿತ್ರವನ್ನು ವೈದ್ಯರು ಗಮನಿಸಿದ್ದರು. ತೀರಾ ಅಪರೂಪಕ್ಕೆ ಈ ಕ್ಯಾನ್ಸರ್ ತಾನಾಗಿಯೇ ಕುಗ್ಗುತ್ತಿತ್ತು. ದೇಹದ ರೋಗನಿರೋಧಕ ಶಕ್ತಿಯೇ ಎದ್ದು ಹೋರಾಡುತ್ತಿರಬೇಕು ಎಂದು ಊಹಿಸಿ, 1980ರ ದಶಕದಲ್ಲಿ ಇಂಟರ್‌ಫೆರಾನ್ ಕೊಟ್ಟು ನೋಡಿದರು. 1992ರಲ್ಲಿ ಅಮೆರಿಕದಲ್ಲಿ ಇಂಟರ್‌ಲ್ಯೂಕಿನ್-2 ಎಂಬ ಚುಚ್ಚುಮದ್ದಿಗೆ ಒಪ್ಪಿಗೆ ಸಿಕ್ಕಿತು. ಕೆಲವೇ ಕೆಲವರಿಗೆ ಕ್ಯಾನ್ಸರ್ ಪೂರ್ತಿ ಮಾಯವಾಗಿ ಮತ್ತೆ ಬರಲೇ ಇಲ್ಲ. ಆದರೆ ಅದನ್ನು ತಡೆದುಕೊಳ್ಳುವುದಕ್ಕೆ ತೀವ್ರನಿಗಾ ಘಟಕದಂಥ ಏರ್ಪಾಡು ಬೇಕಿತ್ತು.

ನಿಜವಾದ ತಿರುವು ಬಂದದ್ದು ಒಂದು ಅಪರೂಪದ ಆನುವಂಶಿಕ ಕಾಯಿಲೆಯಿಂದ. ವಾನ್ ಹಿಪ್ಪೆಲ್–ಲಿಂಡೌ ಎಂಬ ಕಾಯಿಲೆಯಿರುವ ಮನೆತನಗಳಲ್ಲಿ ಕಿಡ್ನಿ ಕ್ಯಾನ್ಸರ್ ಹೆಚ್ಚು. ಅದರ ಜೀನ್ 1993ರಲ್ಲಿ ಸಿಕ್ಕಿತು. ಮನೆತನದ ಕಾಯಿಲೆ ಇಲ್ಲದವರ ಸಾಮಾನ್ಯ ಕಿಡ್ನಿ ಕ್ಯಾನ್ಸರಿನಲ್ಲೂ ಬಹಳ ಸಲ ಅದೇ ಜೀನ್ ಕೆಟ್ಟಿರುತ್ತದೆಂದು ತಿಳಿಯಿತು. ಆ ಜೀನ್ ಕೆಟ್ಟರೆ ಕಣಕ್ಕೆ ಆಮ್ಲಜನಕ ಸಾಲದೆಂಬ ಸುಳ್ಳು ಸುದ್ದಿ ಹೋಗುತ್ತದೆ, ಕಣ ಹೊಸ ರಕ್ತನಾಳಗಳನ್ನು ಕರೆಸಿಕೊಳ್ಳುತ್ತದೆ. ಕಣಗಳು ಆಮ್ಲಜನಕವನ್ನು ಗುರುತಿಸುವ ಈ ಬಗೆಯನ್ನು ಬಿಡಿಸಿದ ವಿಲಿಯಂ ಕೆಲಿನ್, ಪೀಟರ್ ರಾಟ್‌ಕ್ಲಿಫ್, ಗ್ರೆಗ್ ಸೆಮೆಂಜ ಅವರಿಗೆ 2019ರ ನೊಬೆಲ್ ಬಂತು. ಮಾವನ ತೊಡೆ ಮುರಿದ ವರ್ಷವೇ ಅದು.

ರಕ್ತನಾಳ ಬೆಳೆಯದಂತೆ ತಡೆದರೆ ಗಡ್ಡೆಗೆ ನೀರು ಗೊಬ್ಬರ ನಿಂತಂತೆ. ಅಂಥ ಮಾತ್ರೆಗಳಲ್ಲಿ ಕಿಡ್ನಿ ಕ್ಯಾನ್ಸರಿಗೆ ಮೊದಲು ಒಪ್ಪಿಗೆ ಪಡೆದದ್ದು ಸೊರಾಫೆನಿಬ್, 2005ರ ಡಿಸೆಂಬರಿನಲ್ಲಿ. ಮರುತಿಂಗಳೇ ಸುನಿಟಿನಿಬ್ ಬಂತು. ಮನೆಯಲ್ಲೇ ಕೂತು ನುಂಗುವ ಮಾತ್ರೆ. ಪೂರ್ತಿ ವಾಸಿ ಮಾಡುವುದಿಲ್ಲ, ಆದರೆ ಕ್ಯಾನ್ಸರನ್ನು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ತಡೆದು ನಿಲ್ಲಿಸುತ್ತದೆ. ಮೊದಲ ಪ್ರಶ್ನೆಗೆ ಇದೆ ಎಂಬ ಉತ್ತರ ಸಿಕ್ಕಿತು.

ನಮಗೆ ಸಿಗುತ್ತಾ?

ಸೊರಾಫೆನಿಬ್ ಮಾತ್ರೆಯನ್ನು ನೆಕ್ಸಾವರ್ ಹೆಸರಿನಲ್ಲಿ ಮಾರುತ್ತಿದ್ದದ್ದು ಜರ್ಮನಿಯ ಬೇಯರ್ ಕಂಪನಿ. 2008ರಲ್ಲಿ ಭಾರತದಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಒಂದು ತಿಂಗಳಿಗೆ 120 ಮಾತ್ರೆ, ಬೆಲೆ ಸುಮಾರು 2,80,000 ರೂಪಾಯಿ. ಹೌದು, ಒಂದು ತಿಂಗಳಿಗೆ. ನಮ್ಮ ಮಾವನ ಒಂದು ವರ್ಷದ ದುಡಿಮೆಯೂ ಅಷ್ಟಿರಲಿಲ್ಲ.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಸ್ವಾತಂತ್ರ್ಯದ ನಂತರ ಪೇಟೆಂಟ್ ಕಾನೂನನ್ನು ಪರಿಶೀಲಿಸಿ 1959ರಲ್ಲಿ ವರದಿ ಕೊಟ್ಟವರು ಮದರಾಸಿನ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್. ಅದರ ಆಧಾರದ ಮೇಲೆ ಬಂದ 1970ರ ಕಾಯಿದೆಯಲ್ಲಿ ಔಷಧಿಗೇ ಪೇಟೆಂಟ್ ಇರಲಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಇತ್ತು. ನಮ್ಮ ಔಷಧಿ ಕಂಪನಿಗಳು ಬೆಳೆದದ್ದು ಈ ನೆರಳಿನಲ್ಲಿ. ವಿಶ್ವ ವ್ಯಾಪಾರ ಒಪ್ಪಂದದ ಕಾರಣ 2005ರ ಜನವರಿಯಿಂದ ಔಷಧಿಗಳಿಗೂ ಪೇಟೆಂಟ್ ಮತ್ತೆ ಬಂತು. ಆದರೆ ಕಾಯಿದೆಯ 84ನೇ ಕಲಂ ಉಳಿದಿತ್ತು. ಪೇಟೆಂಟ್ ಸಿಕ್ಕಿ ಮೂರು ವರ್ಷದ ಮೇಲೂ ಆ ವಸ್ತು ಜನರ ಅಗತ್ಯಕ್ಕೆ ತಕ್ಕಷ್ಟು ಸಿಗದಿದ್ದರೆ, ಕೈಗೆಟುಕುವ ಬೆಲೆಯಲ್ಲಿಲ್ಲದಿದ್ದರೆ, ಬೇರೆಯವರು ಅದನ್ನು ತಯಾರಿಸಲು ಕಡ್ಡಾಯ ಪರವಾನಗಿ ಕೇಳಬಹುದು.

ಹೈದರಾಬಾದಿನ ನ್ಯಾಟ್ಕೊ ಕಂಪನಿ 2011ರಲ್ಲಿ ಅದನ್ನೇ ಕೇಳಿತು. 2012ರ ಮಾರ್ಚ್ 9ರಂದು ಪೇಟೆಂಟ್ ಮಹಾನಿಯಂತ್ರಕ ಪಿ.ಎಚ್. ಕುರಿಯನ್ ಒಪ್ಪಿಗೆ ಕೊಟ್ಟರು. ಔಷಧಿ ಬೇಕಾದವರಲ್ಲಿ ನೂರಕ್ಕೆ ಎರಡರಷ್ಟು ಮಂದಿಗೆ ಮಾತ್ರ ಅದು ತಲುಪುತ್ತಿದೆ ಎಂಬುದು ಆದೇಶದ ಒಂದು ಮುಖ್ಯ ಕಾರಣ. ಹೊಸ ಬೆಲೆ ತಿಂಗಳಿಗೆ ಸುಮಾರು 8,800 ರೂಪಾಯಿ. ಬೇಯರ್‌ಗೆ ಮಾರಾಟದ ಮೇಲೆ ಶೇಕಡಾ 6 ಗೌರವಧನ. ವರ್ಷಕ್ಕೆ ಕನಿಷ್ಠ 600 ಬಡ ರೋಗಿಗಳಿಗೆ ಉಚಿತವಾಗಿ ಕೊಡಬೇಕು ಎಂಬ ಷರತ್ತೂ ಇತ್ತು. ಸ್ವತಂತ್ರ ಭಾರತದಲ್ಲಿ ಔಷಧಿಯೊಂದಕ್ಕೆ ಹೊಸ ಕಾನೂನಿನಡಿ ಸಿಕ್ಕ ಮೊದಲ ಕಡ್ಡಾಯ ಪರವಾನಗಿ ಇದು.

ಹೊಸ ಔಷಧಿ ಕಂಡುಹಿಡಿಯಲು ಕೋಟಿಗಟ್ಟಲೆ ಖರ್ಚಾಗುತ್ತದೆ, ಅದು ವಾಪಸ್ಸು ಬರದಿದ್ದರೆ ಮುಂದಿನ ಔಷಧಿ ಯಾರು ಹುಡುಕುತ್ತಾರೆ ಎಂಬುದು ಕಂಪನಿಯ ವಾದ. ಆ ವಾದವನ್ನು ತಳ್ಳಿಹಾಕುವಂತಿಲ್ಲ. ಮೇಲ್ಮನವಿ ಬಂದದ್ದು ನಮ್ಮ ಚೆನ್ನೈಗೆ. ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯ ಕೇಂದ್ರ ಕಚೇರಿ ಆಗ ಇದ್ದದ್ದು ತೇನಾಂಪೇಟೆಯಲ್ಲಿ. ನ್ಯಾಯಮೂರ್ತಿ ಪ್ರಭಾ ಶ್ರೀದೇವನ್ ಅಧ್ಯಕ್ಷತೆಯ ಮಂಡಳಿ 2013ರ ಮಾರ್ಚ್ 4ರಂದು ಪರವಾನಗಿಯನ್ನು ಎತ್ತಿಹಿಡಿಯಿತು, ಗೌರವಧನವನ್ನು ಮಾತ್ರ ಶೇಕಡಾ 7ಕ್ಕೆ ಏರಿಸಿತು. 2014ರಲ್ಲಿ ಮುಂಬಯಿ ಹೈಕೋರ್ಟೂ ಅದನ್ನೇ ಹೇಳಿತು, ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮಧ್ಯೆ ಪ್ರವೇಶಿಸಲು ಒಪ್ಪಲಿಲ್ಲ. ಮಂಡಳಿ 2021ರಲ್ಲಿ ರದ್ದಾಯಿತು. ರಕ್ತಕ್ಯಾನ್ಸರಿನ ಗ್ಲಿವೆಕ್ ಮಾತ್ರೆಯ ಪೇಟೆಂಟ್ ಅರ್ಜಿಯನ್ನು 2006ರಲ್ಲಿ ತಿರಸ್ಕರಿಸಿದ್ದೂ ಚೆನ್ನೈ ಪೇಟೆಂಟ್ ಕಚೇರಿಯೇ. 2013ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ಎತ್ತಿಹಿಡಿಯಿತು. ಈಗ ಆ ಕಚೇರಿ ಇರುವುದು ಗಿಂಡಿಯಲ್ಲಿ, ತಾಂಬರಂ ಮೂಲಕ ಹಾದುಹೋಗುವ ಅದೇ ಜಿ.ಎಸ್.ಟಿ. ರಸ್ತೆಯ ಮೇಲೆ. ನಾನು ಎಷ್ಟೋ ಸಲ ಅದರ ಮುಂದೆ ಹೋಗಿದ್ದೇನೆ, ಬೋರ್ಡು ಓದಿರಲಿಲ್ಲ.

ಇವತ್ತು ಏನು ಮಾಡುತ್ತಾರೆ

ಚರಿತ್ರೆ ಅಲ್ಲಿಗೇ ನಿಲ್ಲಲಿಲ್ಲ. ಸೊರಾಫೆನಿಬ್ ಪೇಟೆಂಟಿನ ಅವಧಿ 2020ರಲ್ಲಿ ಮುಗಿಯುವ ಹೊತ್ತಿಗೆ ಕಿಡ್ನಿ ಕ್ಯಾನ್ಸರಿಗೆ ಅದು ಮೊದಲ ಆಯ್ಕೆಯಾಗಿ ಉಳಿದಿರಲಿಲ್ಲ. ಪಜೋಪನಿಬ್, ಆಕ್ಸಿಟಿನಿಬ್, ಕ್ಯಾಬೊಜಾಂಟಿನಿಬ್ ಬಂದವು. ರೋಗನಿರೋಧಕ ಶಕ್ತಿಗೆ ಕ್ಯಾನ್ಸರ್ ಹಾಕಿದ ಬ್ರೇಕನ್ನು ಬಿಡಿಸುವ ನಿವೊಲುಮಾಬ್ ಚುಚ್ಚುಮದ್ದಿಗೆ 2015ರಲ್ಲಿ, ಅದರ ಜತೆ ಇಪಿಲಿಮುಮಾಬ್ ಸೇರಿಸಿ ಮೊದಲ ಚಿಕಿತ್ಸೆಯಾಗಿ ಕೊಡಲು 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಳೆಯ ಇಂಟರ್‌ಲ್ಯೂಕಿನ್ ಕಾಲದ ಊಹೆ ಸುಳ್ಳಾಗಿರಲಿಲ್ಲ. ಇವು ಈಗಲೂ ದುಬಾರಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ತಲೆ ಮತ್ತು ಕತ್ತಿನ ಕ್ಯಾನ್ಸರಿನಲ್ಲಿ ನಿವೊಲುಮಾಬನ್ನು ತೀರಾ ಕಡಿಮೆ ಪ್ರಮಾಣದಲ್ಲಿ ಕೊಟ್ಟರೂ ಪ್ರಯೋಜನವಿದೆ ಎಂದು 2022ರಲ್ಲಿ ತೋರಿಸಿದರು. ಅದು ಕಿಡ್ನಿಗೆ ಹಾಗೇ ಅನ್ವಯಿಸುತ್ತದೆಂದು ಹೇಳಲು ಬರುವುದಿಲ್ಲ. ಆದರೆ ಚೇತ್‌ಪೇಟ್‌ನ 1956ರ ಬುದ್ಧಿ ನಮ್ಮ ವೈದ್ಯರಲ್ಲಿ ಇನ್ನೂ ಇದೆ ಎಂಬುದಕ್ಕೆ ಸಾಕ್ಷಿ.

ಕಿಡ್ನಿಯನ್ನು ಮೊದಲು ತೆಗೆಯಲೇಬೇಕೇ? ಹಿಂದೆ ಹಾಗೇ ನಂಬಿದ್ದರು. ಕ್ಯಾನ್ಸರ್ ಹರಡಿದ ಬಹಳ ರೋಗಿಗಳಲ್ಲಿ ಕಿಡ್ನಿ ತೆಗೆಯದೆ ನೇರ ಮಾತ್ರೆ ಶುರು ಮಾಡಿದರೂ ನಷ್ಟವಿಲ್ಲ ಎಂದು ಫ್ರಾನ್ಸಿನ ವೈದ್ಯರ ಮುಂದಾಳತ್ವದ ಅಧ್ಯಯನವೊಂದು 2018ರಲ್ಲಿ ಹೇಳಿತು. ಯಾರಿಗೆ ತೆಗೆಯಬೇಕು, ಯಾರಿಗೆ ಬೇಡ ಎಂದು ಈಗ ಒಬ್ಬೊಬ್ಬರನ್ನೂ ನೋಡಿ ತೀರ್ಮಾನಿಸುತ್ತಾರೆ.

ಮೂಳೆಯ ಕೆಲಸವೇ ಬೇರೆ. ಮುರಿಯುವ ಹಾಗಿರುವ ತೊಡೆಯ ಮೂಳೆಗೆ ಮುರಿಯುವ ಮುಂಚೆಯೇ ಒಳಗೆ ಲೋಹದ ಸರಳು ಕೂರಿಸುತ್ತಾರೆ. ಒಂದೇ ಕಡೆ ಹರಡಿದ್ದರೆ ಆ ಭಾಗವನ್ನೇ ತೆಗೆದು ಕೃತಕ ಮೂಳೆ ಜೋಡಿಸುವುದೂ ಉಂಟು. ಮೂಳೆಯ ಗಡ್ಡೆಗಳಿಗೆ ಇಂಥ ಕೃತಕ ಕೀಲುಗಳನ್ನು ಇಲ್ಲೇ ತಯಾರಿಸಿ, ಕಾಲು ಕತ್ತರಿಸದೆ ಉಳಿಸುವ ಕೆಲಸದಲ್ಲಿ ಚೆನ್ನೈನ ಡಾ. ಮಯಿಲ್ ವಾಹನನ್ ನಟರಾಜನ್ ಅವರ ಹೆಸರು ದೊಡ್ಡದು. 2007ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮೂಳೆ ಸವೆಯುವುದನ್ನು ನಿಧಾನಿಸಲು ಜೊಲೆಡ್ರಾನಿಕ್ ಆಸಿಡ್ ಅಥವಾ ಡೆನೊಸುಮಾಬ್ ಚುಚ್ಚುಮದ್ದು ಇದೆ. ಅದಕ್ಕೆ ಮುಂಚೆ ಹಲ್ಲು ತೋರಿಸಿಕೊಳ್ಳಬೇಕು, ಯಾಕೆಂದರೆ ಅಪರೂಪಕ್ಕೆ ದವಡೆಯ ಮೂಳೆಗೆ ತೊಂದರೆಯಾಗುತ್ತದೆ. ಜೊಲೆಡ್ರಾನಿಕ್ ಕೊಡುವ ಮುಂಚೆ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದೂ ನೋಡುತ್ತಾರೆ.

ನೋವಿನ ಬಗ್ಗೆ ಒಂದು ಮಾತು. ಮಾರ್ಫಿನ್ ಎಂದರೆ ನಮ್ಮವರು ಬೆಚ್ಚುತ್ತಾರೆ. 1985ರ ಮಾದಕವಸ್ತು ಕಾನೂನಿನ ಬಿಗಿಯಿಂದ ಆಸ್ಪತ್ರೆಗಳೇ ಅದನ್ನು ಇಡಲು ಹೆದರುತ್ತಿದ್ದವು. 2014ರ ತಿದ್ದುಪಡಿಯಿಂದ ಪರವಾನಗಿ ಸುಲಭವಾಯಿತು. ವೈದ್ಯರು ಅಳೆದು ಕೊಟ್ಟ ಮಾರ್ಫಿನ್ ಚಟವಲ್ಲ, ಚಿಕಿತ್ಸೆ.

ಇನ್ನೊಂದು ಮಾತನ್ನು ದಯವಿಟ್ಟು ನೆನಪಿಡಿ. ಕ್ಯಾನ್ಸರ್ ಇರುವವರಿಗೆ ಬೆನ್ನುನೋವಿನ ಜತೆ ಕಾಲು ಸೋಲತೊಡಗಿದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಬೆನ್ನುಹುರಿ ಒತ್ತಿಹೋಗುತ್ತಿದೆ ಎಂದು ಅರ್ಥವಿರಬಹುದು. ನಾಳೆ ನೋಡೋಣ ಎನ್ನಬಾರದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಆಯ್ದ ರೋಗಿಗಳಲ್ಲಿ ಬೇಗ ಶಸ್ತ್ರಚಿಕಿತ್ಸೆ ಮಾಡಿ ಆಮೇಲೆ ವಿಕಿರಣ ಕೊಟ್ಟರೆ, ಬರೀ ವಿಕಿರಣಕ್ಕಿಂತ ಹೆಚ್ಚು ಮಂದಿ ನಡೆಯುವಂತಾಗುತ್ತಾರೆ ಎಂದು 2005ರಲ್ಲೇ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು.

ಮಾವನ ಲೆಕ್ಕ

ಮಾವನ ತೊಡೆಗೆ ಸರಳು ಹಾಕಿದರು. ಒಂದು ದಿನ ವಿಕಿರಣ ಕೊಟ್ಟರು. ಹೊಸ ಚುಚ್ಚುಮದ್ದು ನಮ್ಮ ಕೈಗೆಟುಕುವಂತಿರಲಿಲ್ಲ. ವೈದ್ಯರು ಮುಚ್ಚುಮರೆ ಮಾಡದೆ ಹೇಳಿ ಸೊರಾಫೆನಿಬ್ ಬರೆದುಕೊಟ್ಟರು. ಅಂಗೈ ಅಂಗಾಲು ಸುಲಿಯಿತು, ಭೇದಿಯಾಯಿತು, ಮಧ್ಯೆ ಮಧ್ಯೆ ಪ್ರಮಾಣ ತಗ್ಗಿಸಿದರು. ಅತ್ತೆ ಅಂಗಾಲಿಗೆ ದಿನವೂ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಮೂರು ತಿಂಗಳಲ್ಲಿ ಮಾವ ಕೋಲು ಹಿಡಿದು ತಾಂಬರಂ ಮಾರ್ಕೆಟ್ಟಿಗೆ ಹೋಗಿ ಬರುವಂತಾದರು. ಮಾತ್ರೆಯ ಬಿಲ್ಲುಗಳನ್ನೆಲ್ಲ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುತ್ತಿದ್ದರು, ಕಾರ್ಖಾನೆಯ ಲೆಕ್ಕದ ಹಾಗೆ. 2012ರ ಆ ಆದೇಶದ ಕಥೆ ಹೇಳಿದಾಗ ಪುಸ್ತಕದ ಅಂಚಿನಲ್ಲಿ ಹಳೆಯ ಬೆಲೆ ಬರೆದು ಕಳೆದು ನೋಡಿ ನಕ್ಕರು. “ಅಷ್ಟಾಗಿದ್ದರೆ ಒಂದನೇ ತಿಂಗಳಿಗೇ ಖಾತೆ ಮುಚ್ಚುತ್ತಿತ್ತಪ್ಪಾ” ಎಂದರು.

ಎರಡೂವರೆ ವರ್ಷ ಇದ್ದರು. ಮೊಮ್ಮಗಳ ಮದುವೆಯಲ್ಲಿ ಧಾರೆ ಎರೆಯುವಾಗ ನಿಂತೇ ಇದ್ದರು. 2022ರಲ್ಲಿ ತೀರಿಕೊಂಡರು. ಎಲ್ಲರಿಗೂ ಇಷ್ಟೇ ಕಾಲ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಕೆಲವರಿಗೆ ಕಡಿಮೆ, ಹೊಸ ಚಿಕಿತ್ಸೆಗಳಿಂದ ಕೆಲವರಿಗೆ ಎಷ್ಟೋ ಹೆಚ್ಚು. ಆದರೆ ವಾಸಿಯಾಗದು ಎಂಬ ಮಾತೂ ಏನೂ ಮಾಡಲಾಗದು ಎಂಬ ಮಾತೂ ಒಂದೇ ಅಲ್ಲ. ಮುತ್ತುಲಕ್ಷ್ಮಿ ರೆಡ್ಡಿಯವರು ಆ ಎರಡನ್ನೂ ಬೇರೆ ಮಾಡಲು ಆಸ್ಪತ್ರೆ ಕಟ್ಟಿದರು. ಎಲ್ಲೋ ಒಂದು ಪ್ರಯೋಗಶಾಲೆ ಔಷಧಿ ಕೊಟ್ಟಿತು, ಇಲ್ಲಿನ ಕಚೇರಿಯೊಂದು ಅದರ ಬೆಲೆಯನ್ನು ಪ್ರಶ್ನಿಸಿತು. ಇವೆಲ್ಲ ಸೇರಿ ನಮ್ಮ ಮಾವನಿಗೆ ಎರಡೂವರೆ ವರ್ಷ.

ನಿಮ್ಮ ಮನೆಯಲ್ಲಿ ಹಿರಿಯರು ರಾತ್ರಿ ಹೊತ್ತು ಮೂಳೆ ನೋಯುತ್ತದೆ, ಮಲಗಿದರೂ ಬಿಡುವುದಿಲ್ಲ ಎಂದರೆ, ಮೂತ್ರದಲ್ಲಿ ಒಮ್ಮೆಯಾದರೂ ರಕ್ತ ಕಂಡೆ ಎಂದರೆ, ವಯಸ್ಸಾಯಿತು ಎಂದು ಸುಮ್ಮನಾಗಬೇಡಿ. ಆ ತಪ್ಪನ್ನು ನಾನು ಮಾಡಿದ್ದೇನೆ.